ನಡುಮನೆಯ ವಿನ್ಯಾಸ: ಉಪಭೋಗವೋ, ಉಪಕಾರವೋ?

೧

ಮನೆಯ ಒಂದು ಕೋಣೆಯನ್ನು ಅಣಿಗೊಳಿಸುವುದಕ್ಕಾಗಿ ಒಳಾಂಗಣ ವಿನ್ಯಾಸಕಾರರನ್ನು ಕರೆಸಿ, ಅವರೊಡನೆ ಕುಳಿತು ಆಲೋಚಿಸಿ, ನಕ್ಷೆ ಬರೆಯಿಸಿ ಕೆಲಸ ಹಿಡಿಯುವ ಪದ್ಧತಿ ನಮ್ಮ ದೊಡ್ಡ ನಗರಗಳಲ್ಲಿ ಬೇರೂರಿ ಬಹುಕಾಲವಾಯಿತು. ಹಳ್ಳಿಯಲ್ಲಿ ಹುಟ್ಟಿ, ನಗರದಲ್ಲಿ ದುಡಿದು, ಹುಟ್ಟೂರಿನಲ್ಲಿ ಹೊಸಮನೆ ಕಟ್ಟಿಸುವವರ ಮೂಲಕ ಈ ಪದ್ಧತಿ ಹೋಬಳಿಯ ಊರುಗಳಿಗೂ ಕಾಲಿಡುತ್ತಿದೆ. ಇದು ಶಿಲ್ಪಿಗಳಿಗೂ ವ್ಯಾಪಾರಿಗಳಿಗೂ ಸಂಬಂಧಿಸಿದ ವಿಷಯ, ಸಾಹಿತ್ಯದ ಅಧ್ಯಾಪಕರಿಗೆ ಇದರಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಮೊದಲ ಉದ್ದೇಶ.

ವಿನ್ಯಾಸಕಾರರ ಕೆಲಸ ಗೆರೆಯಿಂದ ಆರಂಭವಾಗುವುದಿಲ್ಲ, ಮಾತಿನಿಂದ ಆರಂಭವಾಗುತ್ತದೆ. ಮನೆಯವರು ತಮಗೇನು ಬೇಕೆಂಬುದನ್ನು ಹೇಳುತ್ತಾರೆ, ವಿನ್ಯಾಸಕಾರರು ಕೇಳುತ್ತಾರೆ, ಕೇಳಿದ್ದನ್ನು ಅರ್ಥಮಾಡಿಕೊಂಡಷ್ಟು ಬರೆಯುತ್ತಾರೆ. ಹೇಳಿದವರ ಮಾತಿನಲ್ಲಿ ಏನು ಅಡಗಿತ್ತು, ಕೇಳಿದವರಿಗೆ ಎಷ್ಟು ದಕ್ಕಿತು, ದಕ್ಕಿದುದರಲ್ಲಿ ಎಷ್ಟು ಕಾಗದಕ್ಕೆ ಇಳಿಯಿತು ಎಂಬ ಮೂರು ಪ್ರಶ್ನೆಗಳೂ ಅರ್ಥವಿಚಾರದ ಪ್ರಶ್ನೆಗಳೇ. ಒಂದು ಪದ್ಯದ ಭಾಷಾಂತರವನ್ನು ಪರೀಕ್ಷಿಸುವಾಗ ನಾವು ಯಾವ ಕ್ರಮವನ್ನು ಅನುಸರಿಸುತ್ತೇವೆಯೋ ಅದೇ ಕ್ರಮದಿಂದ ಒಂದು ಕೋಣೆಯ ನಕ್ಷೆಯನ್ನೂ ಪರೀಕ್ಷಿಸಬಹುದು. ಪದ್ಯದ ಭಾಷಾಂತರ ಕೆಟ್ಟರೆ ಓದುವವನು ಪುಸ್ತಕವನ್ನು ಮುಚ್ಚಿಡುತ್ತಾನೆ. ಕೋಣೆಯ ನಕ್ಷೆ ಕೆಟ್ಟರೆ ಆ ಮನೆಯ ಮುದುಕಿ ಮೂವತ್ತು ವರ್ಷ ಬಾಗಿಲ ಹಿಂದಿನ ಕತ್ತಲಲ್ಲಿ ಮಲಗಬೇಕಾಗುತ್ತದೆ. ಆದಕಾರಣ ಈ ವಿಮರ್ಶೆ ನಿಷ್ಪ್ರಯೋಜಕವಲ್ಲವೆಂದು ನಾವು ಭಾವಿಸಿದ್ದೇವೆ.

ವಿಚಾರಕ್ಕೆ ಒಂದು ನೆಲೆ ಬೇಕು. ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾದ ದುದ್ದವನ್ನು ನಾವು ಆ ನೆಲೆಯನ್ನಾಗಿ ಇಟ್ಟುಕೊಂಡಿದ್ದೇವೆ. ದುದ್ದದಂಥ ಊರಿನ ಬೇಸಾಯದ ಕುಟುಂಬವೊಂದು ತನ್ನ ನಡುಮನೆಯನ್ನು ಹೊಸದಾಗಿ ಅಣಿಮಾಡಿಸಲು ಹೊರಟರೆ ಏನೇನು ಪ್ರಶ್ನೆಗಳು ಏಳುತ್ತವೆ ಎಂಬುದೇ ಪ್ರಕೃತ ವಿಚಾರ.

೨

ಮೊದಲು ‘ಮನೆ’ ಎಂಬ ಶಬ್ದವನ್ನೇ ನೋಡೋಣ. ಕನ್ನಡದಲ್ಲಿ ಇಡಿಯ ಕಟ್ಟಡಕ್ಕೂ ಮನೆಯೆಂದೇ ಹೆಸರು. ಅದರ ಒಳಗಿನ ಒಂದೊಂದು ಭಾಗಕ್ಕೂ ಮನೆಯೆಂದೇ ಹೆಸರು. ಅಡುಗೆಮನೆ, ಬಚ್ಚಲುಮನೆ, ದೇವರಮನೆ, ನಡುಮನೆ, ಒಳಮನೆ: ಇವೆಲ್ಲ ಒಂದೇ ಸೂರಿನ ಕೆಳಗೆ ಇರುವ ಮನೆಗಳು. ಕಬ್ಬು ಅರೆದು ಬೆಲ್ಲ ಕಾಯಿಸುವ ಎಡೆ ಆಲೆಮನೆ. ಅಪರಾಧಿಯನ್ನು ಇಡುವ ಎಡೆ ಸೆರೆಮನೆ. ಚೌಕಾಬಾರದ ಒಂದೊಂದು ಚೌಕವೂ ಮನೆ. ಜಾತಕದ ಹನ್ನೆರಡು ಸ್ಥಾನಗಳೂ ಮನೆಗಳೇ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ‘ಮನೆ’ ಎಂಬ ಮಾತಿಗೆ ‘ನಾಲ್ಕು ಗೋಡೆ’ ಎಂಬುದಕ್ಕಿಂತ ‘ಒಂದು ಕಾರ್ಯಕ್ಕೆ ಸಂದ ಎಡೆ’ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ.

ಇದಕ್ಕೆ ಇನ್ನೂ ಬಲವಾದ ಸಾಕ್ಷ್ಯ ‘ಮದುವೆಮನೆ’, ‘ಸಾವಿನಮನೆ’ ಎಂಬ ಪ್ರಯೋಗಗಳಲ್ಲಿದೆ. ಗೋಡೆಗಳು ಅವೇ, ಬಾಗಿಲು ಅದೇ. ಆದರೆ ಚಪ್ಪರ ಏರಿದ ದಿನ ಅದು ಮದುವೆಮನೆ, ಚಪ್ಪರ ಇಳಿದ ಮೇಲೆ ಮತ್ತೆ ಬರಿಯ ಮನೆ. ಕಾರ್ಯ ಬದಲಾದಾಗ ಹೆಸರೂ ಬದಲಾಗುತ್ತದೆ. ಕನ್ನಡಿಗನ ಮನಸ್ಸಿನಲ್ಲಿ ಮನೆಯೆಂಬುದು ಸ್ಥಿರವಾದ ವಸ್ತುವಲ್ಲ. ಅಲ್ಲಿ ನಡೆಯುವ ಕೆಲಸ.

ಇನ್ನು ಇಂದಿನ ನಕ್ಷೆಯ ಮಾತನ್ನು ನೋಡಿ. ಅಲ್ಲಿ ‘ಹಾಲ್’, ‘ಬೆಡ್‌ರೂಮ್’, ‘ಕಿಚನ್’, ‘ಪೂಜಾ ಯೂನಿಟ್’, ‘ಟಿವಿ ಯೂನಿಟ್’ ಎಂಬ ಹೆಸರುಗಳಿರುತ್ತವೆ. ಇವು ಎರವಲು ಮಾತುಗಳೆಂಬುದು ನಮ್ಮ ಆಕ್ಷೇಪವಲ್ಲ. ಪಡಸಾಲೆಯಲ್ಲಿರುವ ಶಾಲೆಯೂ ಹಜಾರವೂ ಒಂದು ಕಾಲದಲ್ಲಿ ಎರವಾಗಿ ಬಂದವೇ. ಆಕ್ಷೇಪ ಬೇರೆ. ‘ಮಂಚವಿರುವ ಕೋಣೆ’, ‘ಟಿವಿ ಇರುವ ಗೋಡೆ’ ಎಂದು ಹೆಸರಿಟ್ಟ ಕೂಡಲೆ ಕೋಣೆಯು ಅದರಲ್ಲಿ ಇಡುವ ಸಾಮಾನಿನಿಂದ ಗುರುತಾಗುತ್ತದೆ, ಅದರಲ್ಲಿ ನಡೆಯುವ ಕಾರ್ಯದಿಂದಲ್ಲ. ಸಾಮಾನಿನಿಂದ ಗುರುತಾದ ಕೋಣೆಗೆ ಸಾಮಾನು ಬೇಕೇಬೇಕು. ಮಾತು ಬದಲಾದುದರಿಂದ ಖರ್ಚಿನ ಪಟ್ಟಿಯೂ ಬದಲಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯ ಅನುಕ್ರಮ ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದು: ಬೀದಿ, ಜಗುಲಿ, ಪಡಸಾಲೆ, ತೊಟ್ಟಿ, ನಡುಮನೆ, ಅಲ್ಲಿಂದ ಮುಂದೆ ಅಡುಗೆಮನೆ ಮತ್ತು ಒಳಮನೆ. ಒಂದೊಂದು ಹೊಸ್ತಿಲು ದಾಟಿದಂತೆಲ್ಲ ಬಳಕೆ ಹೆಚ್ಚುತ್ತದೆ, ಬೆಳಕು ಕಡಿಮೆಯಾಗುತ್ತದೆ. ಇದೇ ತಾಲ್ಲೂಕಿನ ಬಸರಾಳಿನಲ್ಲಿ ೧೨೩೪ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯಕ್ಕೆ ಹೋದವರಿಗೆ ನವರಂಗದಿಂದ ಗರ್ಭಗೃಹದ ಕಡೆಗೆ ನಡೆಯುವಾಗ ಇಂಥದೇ ಅನುಭವ ಆಗುತ್ತದೆ. ದೇವಾಲಯ ಮನೆಯನ್ನು ಅನುಸರಿಸಿತೋ ಮನೆ ದೇವಾಲಯವನ್ನು ಅನುಸರಿಸಿತೋ ಎಂಬ ಚರ್ಚೆ ಇಲ್ಲಿ ಅನಗತ್ಯ. ಎರಡರಲ್ಲಿಯೂ ಕೋಣೆಗೆ ಅರ್ಥ ಬರುವುದು ಅದರ ಮುಂದೆ ಏನಿದೆ, ಹಿಂದೆ ಏನಿದೆ ಎಂಬುದರಿಂದ ಎಂಬುದಷ್ಟೇ ನಮಗೆ ಮುಖ್ಯ. ‘ನಡುಮನೆ’ ಎಂಬ ಹೆಸರೇ ಅದನ್ನು ಸಾರುತ್ತದೆ: ಯಾವುದರ ನಡುವೆ ಎಂದು ತಿಳಿಯದೆ ಅದನ್ನು ವಿನ್ಯಾಸಗೊಳಿಸಲು ಸಾಧ್ಯವಿಲ್ಲ. ಒಂದೇ ಕೋಣೆಯನ್ನು ಕತ್ತರಿಸಿ ತೆಗೆದು, ಉಳಿದ ಮನೆಯನ್ನು ಮರೆತು, ಆ ಕೋಣೆಯ ಚಿತ್ರವನ್ನು ಮಾತ್ರ ಬಣ್ಣದಲ್ಲಿ ತೋರಿಸುವ ಪದ್ಧತಿ ಈ ಕಾರಣದಿಂದಲೇ ದೋಷಯುಕ್ತವಾದುದು.

೩

ಮನೆಯನ್ನು ಕುರಿತು ನಮ್ಮ ನಾಡಿನ ಪ್ರಾಚೀನ ಗ್ರಂಥಗಳಲ್ಲಿ ಎರಡು ದೃಷ್ಟಿಗಳು ಕಾಣಬರುತ್ತವೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ. ಅದರಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ಗೃಹವೂ ಅವುಗಳಲ್ಲಿ ಒಂದು. ಸ್ನಾನ, ತಾಂಬೂಲ, ವಿಲೇಪನ, ವಸ್ತ್ರ ಮೊದಲಾದುವುಗಳ ಸಾಲಿನಲ್ಲಿ ಗೃಹೋಪಭೋಗವೂ ನಿಲ್ಲುತ್ತದೆ. ಅಲ್ಲಿ ಮನೆಯೆಂದರೆ ಅನುಭವಿಸತಕ್ಕ ಒಂದು ಸುಖ.

ಇದಕ್ಕೆ ಸುಮಾರು ನೂರು ವರ್ಷ ಹಿಂದಿನದು ಇಮ್ಮಡಿ ಚಾವುಂಡರಾಯನ ಕನ್ನಡ ಗ್ರಂಥ ‘ಲೋಕೋಪಕಾರ’. ಜ್ಯೋತಿಷ, ವಾಸ್ತು, ನೆಲದಡಿಯ ನೀರನ್ನು ಕಂಡುಹಿಡಿಯುವ ವಿಧಾನ, ವೃಕ್ಷಾಯುರ್ವೇದ, ಸುಗಂಧ, ಸೂಪಶಾಸ್ತ್ರ, ವೈದ್ಯ ಮೊದಲಾದ ವಿಷಯಗಳನ್ನು ಅದು ಒಂದೆಡೆ ತರುತ್ತದೆ. ಮನೆ ಕಟ್ಟುವ ವಿಚಾರ ಇಲ್ಲಿ ಬಾವಿ ತೋಡುವ, ಗಿಡ ಬೆಳೆಸುವ, ಅಡುಗೆ ಮಾಡುವ ವಿಚಾರಗಳ ಮಗ್ಗುಲಲ್ಲಿ ಕುಳಿತಿದೆ. ಗ್ರಂಥದ ಹೆಸರೇ ಉದ್ದೇಶವನ್ನು ಹೇಳುತ್ತದೆ. ಇಲ್ಲಿ ಮನೆಯೆಂದರೆ ಬಾಳಿಗೆ ಒದಗತಕ್ಕ ಒಂದು ಉಪಕಾರ. ಅದನ್ನು ಕುರಿತ ತಿಳಿವು ಗೃಹಸ್ಥನ ಕೈಗೆ ಎಟುಕುವಂತೆ ದೇಶಭಾಷೆಯಲ್ಲಿ ಇರಬೇಕಾದುದು.

‘ಉಪಭೋಗ’, ‘ಉಪಕಾರ’ ಎಂಬ ಈ ಎರಡು ಮಾತುಗಳನ್ನು ನಾವು ಪ್ರಕೃತ ವಿಮರ್ಶೆಯ ಒರೆಗಲ್ಲಾಗಿ ಬಳಸಲು ಇಚ್ಛಿಸುತ್ತೇವೆ. ಉಪಭೋಗವನ್ನು ನಾವು ಹೀನವೆಂದು ತಳ್ಳುವುದಿಲ್ಲ. ಕಣ್ಣಿಗೆ ತಂಪಾದ ಗೋಡೆ, ಕಾಲಿಗೆ ತಂಪಾದ ಕೆಂಪು ಗಾರೆಯ ನೆಲ, ಸಂಜೆಯ ಬಿಸಿಲು ಬೀಳುವ ಒಂದು ಕಿಟಕಿ: ಇವನ್ನು ಬಯಸುವ ಹಕ್ಕು ಅರಸನಿಗೆ ಮಾತ್ರ ಮೀಸಲಲ್ಲ. ಆದರೆ ಉಪಕಾರವನ್ನು ಬಿಟ್ಟು ಉಪಭೋಗವನ್ನು ಹುಡುಕಿದರೆ ಎರಡೂ ದೊರೆಯುವುದಿಲ್ಲ ಎಂಬುದನ್ನು ಮುಂದೆ ತೋರಿಸುತ್ತೇವೆ.

೪

ಹಳೆಯ ಮನೆಯನ್ನು ಹೊಗಳಿ ಹೊಸದನ್ನು ತೆಗಳುವುದು ಸುಲಭ. ಅಂಥ ಸುಲಭವಾದ ದಾರಿ ವಿಮರ್ಶೆಗೆ ತಕ್ಕುದಲ್ಲ. ತೊಟ್ಟಿಮನೆಗೆ ದೊಡ್ಡ ಗುಣಗಳಿದ್ದವು. ಅಕ್ಕಪಕ್ಕದ ಮನೆಗಳೊಡನೆ ಗೋಡೆ ಕೂಡಿಕೊಂಡಿರುವ ಬೀದಿಯಲ್ಲಿ ಮಗ್ಗುಲಿನಿಂದ ಬೆಳಕು ಬರಲಾರದು. ಆ ಬೆಳಕನ್ನು ತೊಟ್ಟಿಯು ಮೇಲಿನಿಂದ ತಂದುಕೊಡುತ್ತಿತ್ತು. ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು ೧೯೭೭ರಲ್ಲಿ ಪ್ರಕಟಿಸಿದ, ವಸತಿಯ ೨೫೩ ಮಾದರಿಗಳನ್ನು ವಿವೇಚಿಸುವ ಪ್ರಸಿದ್ಧ ಗ್ರಂಥದಲ್ಲಿ, ಕೋಣೆಗೆ ಎರಡು ಕಡೆಯಿಂದ ಬೆಳಕು ಬರಬೇಕೆಂಬುದು ಒಂದು ಮಾದರಿ. ಒಂದೇ ಕಡೆಯಿಂದ ಬೆಳಕು ಬಂದರೆ ಎದುರಿಗೆ ಕುಳಿತವರ ಮುಖ ಸರಿಯಾಗಿ ಕಾಣದು ಎಂಬುದು ಅವರ ವಾದ. ತೊಟ್ಟಿಯ ಸುತ್ತ ಕುಳಿತವರಿಗೆ ಆ ತೊಂದರೆ ಇರಲಿಲ್ಲ. ಹಗೇವಿನಲ್ಲಿ ರಾಗಿ, ವಾಡೆಯಲ್ಲಿ ಭತ್ತ, ನೆಲುವಿನಲ್ಲಿ ಹಾಲು ಮೊಸರು, ಗೋಡೆಯ ಗೂಡಿನಲ್ಲಿ ದೀಪ: ವಸ್ತು ಇರಬೇಕಾದ ಎಡೆಗೆ ಕೋಣೆಯೇ ರೂಪ ಕೊಟ್ಟಿತ್ತು.

ಆದರೆ ಅದೇ ಮನೆಯ ಅಡುಗೆಮನೆ ಹೊಗೆಯ ಗೂಡಾಗಿತ್ತು. ಮನೆಯೊಳಗೆ ಅತಿ ಹೆಚ್ಚು ಹೊತ್ತು ಇರುತ್ತಿದ್ದ ಹೆಂಗಸರಿಗೆ ಅತಿ ಕಡಿಮೆ ಬೆಳಕು ದಕ್ಕುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತಮ್ಮ ವಿಸ್ತರಣಾ ಕೇಂದ್ರವನ್ನಿಟ್ಟುಕೊಂಡು ಕೆಲಸ ಮಾಡಿದರು. ಸೌದೆಯನ್ನು ಉಳಿಸುವ, ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳುಹಿಸುವ ‘ಅಸ್ತ್ರ ಒಲೆ’ಯನ್ನು ರೂಪಿಸಿದುದು ಈ ಕೇಂದ್ರವೇ. ಹಳೆಯ ಅಡುಗೆಮನೆಯ ದೋಷ ಎಷ್ಟು ಗಂಭೀರವಾಗಿತ್ತೆಂಬುದಕ್ಕೆ ಈ ಕೆಲಸವೇ ಸಾಕ್ಷಿ. ಇನ್ನು ಜಗುಲಿಯ ವಿಷಯ. ಅದು ಆತಿಥ್ಯದ ಎಡೆಯೂ ಹೌದು, ತಡೆಯುವ ಎಡೆಯೂ ಹೌದು. ಯಾರು ಜಗುಲಿಯಲ್ಲೇ ನಿಲ್ಲಬೇಕು, ಯಾರು ಅದನ್ನೂ ಏರಬಾರದು ಎಂಬುದನ್ನು ಜಾತಿ ಗೊತ್ತುಮಾಡಿತ್ತು. ಮುಟ್ಟಾದ ಹೆಂಗಸು ಹೊರಗೆ ಕೂರಬೇಕಾದ ಮೂಲೆಯೂ ಹಳೆಯ ವಿನ್ಯಾಸದ ಭಾಗವೇ ಆಗಿತ್ತು. ಆ ವಿನ್ಯಾಸವನ್ನು ಯಾವ ನಕ್ಷೆಯಲ್ಲಿಯೂ ಬರೆದಿರಲಿಲ್ಲ. ಆದರೂ ಎಲ್ಲರಿಗೂ ಅದು ಬಾಯಿಪಾಠವಾಗಿತ್ತು. ಹೊಸ ನಕ್ಷೆ ಇವನ್ನು ಅಳಿಸಬಲ್ಲುದಾದರೆ ಅದನ್ನು ನಾವು ಸ್ವಾಗತಿಸತಕ್ಕದ್ದು.

ಮನೆಯಲ್ಲಿ ಎಡೆಯಿಲ್ಲದಿರುವುದು ಎಂದರೇನೆಂಬುದನ್ನು ನಮ್ಮ ಕಾದಂಬರಿಕಾರರು ಚೆನ್ನಾಗಿ ಬಲ್ಲರು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಚಿತ್ತರೋಗದಿಂದ ಗುಣಹೊಂದಿ ಹಿಂತಿರುಗಿದಾಗ ಅವಳ ಪಾಲಿಗೆ ಬದಲಾದುದು ಗೋಡೆಯಲ್ಲ, ಬಾಗಿಲಲ್ಲ, ಆ ಮನೆಯಲ್ಲಿ ಅವಳಿಗಿದ್ದ ಎಡೆ. ‘ಎಡೆ’ ಎಂಬ ಕನ್ನಡ ಮಾತಿಗೆ ಸ್ಥಳವೆಂದೂ ಅರ್ಥ, ಬಡಿಸಿದ ಎಲೆಯೆಂದೂ ಅರ್ಥ. ಒಬ್ಬರಿಗೆ ಎಡೆಯಿದೆಯೆಂದರೆ ಕೂರಲು ಜಾಗವಿದೆ, ಉಣ್ಣಲು ಅನ್ನವಿದೆ, ಇವರು ನಮ್ಮವರೆಂಬ ಒಪ್ಪಿಗೆಯಿದೆ ಎಂದು ತಾತ್ಪರ್ಯ. ಕೋಣೆಯ ವಿನ್ಯಾಸವೆಂದರೆ ಕೊನೆಗೆ ಎಡೆಗಳ ಹಂಚಿಕೆ.

ಈ ಹಂಚಿಕೆಯ ಮೇಲೆ ಆರ್ಥಿಕ ಬದಲಾವಣೆಗಳೂ ಕೈಯಾಡಿಸಿವೆ. ಕೃಷ್ಣರಾಜಸಾಗರದ ಕೆಲಸ ೧೯೧೧ರಲ್ಲಿ ಆರಂಭವಾಗಿ ಮೂವತ್ತರ ದಶಕದ ಆದಿಯಲ್ಲಿ ಮುಗಿಯಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾಲೆಯ ನೀರು ಹರಿದೆಡೆ ರಾಗಿಯ ಹೊಲ ಕಬ್ಬಿನ ಗದ್ದೆಯಾಯಿತು. ವರ್ಷದ ರಾಗಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕಾದ ಒಕ್ಕಲಿಗೆ ಬೇಕಾದ ಮನೆ ಬೇರೆ. ಕಬ್ಬು ಸಾಗಿಸಿ ಹಣ ಪಡೆಯುವ ಒಕ್ಕಲಿಗೆ ಬೇಕಾದ ಮನೆ ಬೇರೆ. ಜಿಲ್ಲೆಯ ಅನೇಕ ಊರುಗಳಲ್ಲಿರುವ ರೇಷ್ಮೆಯ ಕಸುಬಂತೂ ನಡುಮನೆಯನ್ನೇ ಹುಳುವಿನ ಮನೆಯನ್ನಾಗಿ ಮಾಡಿದ ಕಸುಬು. ಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಸುಮಾರು ೨೫ ದಿನ. ಕೊನೆಯ ವಾರದಲ್ಲಿ ಹಗಲಿರುಳು ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಹೊಗೆ, ತಂಬಾಕು, ಕೀಟನಾಶಕದ ವಾಸನೆ ಹುಳುವಿಗೆ ಆಗದು. ಬೇರೆ ಹುಳುಮನೆ ಕಟ್ಟಿಕೊಳ್ಳಲಾರದ ಕುಟುಂಬದ ನಡುಮನೆಗೆ ನಕ್ಷೆ ಬರೆಯುವವರು ಈ ೨೫ ದಿನಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅವರು ಬರೆದುದು ಆ ಕುಟುಂಬದ ನಡುಮನೆಯ ನಕ್ಷೆಯಾಗಲಾರದು.

೫

ಈಗ ವಿನ್ಯಾಸಕಾರರ ಕಡೆಗೆ ತಿರುಗೋಣ. ಅವರ ಕಸುಬು ನಮ್ಮಲ್ಲಿ ಹೊಸದೆನಿಸಿದರೂ ಅದರ ಹಿಂದೆ ಗಂಭೀರವಾದ ಚಿಂತನೆಯಿದೆ. ಅಮೆರಿಕದ ಕಾದಂಬರಿಗಾರ್ತಿ ಈಡಿತ್ ವಾರ್ಟನ್ ಶಿಲ್ಪಿ ಆಗ್ಡನ್ ಕಾಡ್‌ಮನ್ನರೊಡನೆ ೧೮೯೭ರಲ್ಲಿ ಮನೆಗಳ ಅಲಂಕಾರವನ್ನು ಕುರಿತು ಒಂದು ಗ್ರಂಥ ಬರೆದರು. ಒಳಗಿನ ಅಲಂಕಾರವು ಗೋಡೆಯ ಮೇಲೆ ಹಚ್ಚುವ ಲೇಪವಲ್ಲ, ಕಟ್ಟಡದ ರಚನೆಯಿಂದಲೇ ಹುಟ್ಟಬೇಕಾದುದು ಎಂಬುದು ಅದರ ಸಾರ. ಮೊದಲ ಗ್ರಂಥಗಳಲ್ಲೊಂದನ್ನು ಒಬ್ಬ ಸಾಹಿತಿ ಬರೆದರೆಂಬುದು ನಮ್ಮ ವಾದಕ್ಕೆ ಪೋಷಕವಾಗಿದೆ.

ಭಾರತ ಸರ್ಕಾರದ ಕೋರಿಕೆಯಂತೆ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ೧೯೫೮ರಲ್ಲಿ ಒಂದು ವರದಿಯನ್ನು ಸಲ್ಲಿಸಿದರು. ಅದರ ಫಲವಾಗಿ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು. ಆ ವರದಿಯಲ್ಲಿ ಅವರು ನಮ್ಮ ಮನೆಮನೆಯ ಚೊಂಬನ್ನು ಎತ್ತಿಕೊಂಡು, ಇದನ್ನು ಹೊಸದಾಗಿ ರೂಪಿಸಬೇಕಾದರೆ ಏನೇನು ಕೇಳಿಕೊಳ್ಳಬೇಕೆಂದು ಪ್ರಶ್ನೆಗಳ ಸಾಲನ್ನೇ ಒಡ್ಡಿದ್ದಾರೆ. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದ ಮೇಲೋ ಹೊರುವುದು, ಕೈಗೆ ಹೇಗೆ ಸಿಕ್ಕಬೇಕು, ತೊಳೆಯುವುದು ಹೇಗೆ, ಬೆಲೆಯೇನು: ಹೀಗೆ ಹೋಗುತ್ತದೆ ಆ ವಿಚಾರ. ಒಂದು ಚೊಂಬಿಗೆ ಇಷ್ಟು ಪ್ರಶ್ನೆಗಳು ಬೇಕಾದರೆ ಒಂದು ನಡುಮನೆಗೆ ಎಷ್ಟು ಬೇಕಾದೀತು? ಒಳ್ಳೆಯ ವಿನ್ಯಾಸಕಾರರನ್ನು ಗುರುತಿಸುವ ಮೊದಲ ಲಕ್ಷಣ ಇದರಿಂದ ಸಿದ್ಧವಾಗುತ್ತದೆ: ಅವರು ಚಿತ್ರ ತೋರಿಸುವುದಕ್ಕೆ ಮೊದಲು ಪ್ರಶ್ನೆ ಕೇಳುತ್ತಾರೆ. ಮೊದಲ ಭೇಟಿಯಲ್ಲೇ ಬಣ್ಣದ ಚಿತ್ರಗಳನ್ನು ಹರಡುವವರು ಪ್ರಶ್ನೆಗೆ ಮುಂಚೆ ಉತ್ತರವನ್ನು ಹಿಡಿದು ಬಂದವರು.

ಪ್ರಶ್ನೆಯನ್ನು ಯಾರಿಗೆ ಕೇಳುತ್ತಾರೆ ಎಂಬುದೂ ಮುಖ್ಯ. ಹಣ ಕೊಡುವ ಮಗ ಬೆಂಗಳೂರಿನಲ್ಲಿರುತ್ತಾನೆ. ಮನೆಯಲ್ಲಿ ಬಾಳುವವರು ದುದ್ದದಲ್ಲಿರುತ್ತಾರೆ. ಮಗನ ಮಾತಿನಿಂದ ಬರೆದ ನಕ್ಷೆ ಮಗನ ಹಬ್ಬದ ದಿನಗಳಿಗೆ ಒಪ್ಪುತ್ತದೆ. ಉಳಿದ ದಿನಗಳಲ್ಲಿ ಅಲ್ಲಿ ಬಾಳುವ ತಾಯಿಗೆ, ಸೊಸೆಗೆ, ಮುದುಕರಿಗೆ ಅದು ಒಪ್ಪುವುದೇ ಎಂದು ಯಾರೂ ಕೇಳಿರುವುದಿಲ್ಲ. ಹಿರಿಯ ಗಂಡಸರ ಎದುರಿಗೆ ಸೊಸೆ ತನಗೆ ಬೇಕಾದುದನ್ನು ಹೇಳಲಾರಳು. ಆಕೆಯನ್ನು ಅಡುಗೆಮನೆಯಲ್ಲೇ, ಕೆಲಸದ ನಡುವೆಯೇ, ‘ಅಮ್ಮಾ, ಹಿಟ್ಟು ತೊಳೆಸುವಾಗ ಎಲ್ಲಿ ಕೂರುತ್ತೀರಿ? ನೆಂಟರು ಬಂದರೆ ಯಾವ ಬಾಗಿಲಿಂದ ಹೋಗಿಬರುತ್ತೀರಿ?’ ಎಂದು ಕೇಳಿ ತಿಳಿಯುವುದು ವಿನ್ಯಾಸಕಾರರ ಕರ್ತವ್ಯ. ಮುದುಕರು ರಾತ್ರಿ ಎಷ್ಟು ಸಲ ಏಳುತ್ತಾರೆ, ಬಚ್ಚಲಿಗೆ ಎಷ್ಟು ಹೆಜ್ಜೆ, ದಾರಿಯಲ್ಲಿ ಎಷ್ಟು ಹೊಸ್ತಿಲು ಎಂಬುದನ್ನು ಎಣಿಸುವುದೂ ಅವರ ಕರ್ತವ್ಯವೇ.

ಮನೆಯವರಿಗೆ ಕರ್ತವ್ಯವಿಲ್ಲವೆಂದಲ್ಲ. ‘ನಿಮಗೆ ಹೇಗೆ ತೋರುತ್ತದೆಯೋ ಹಾಗೆ ಮಾಡಿ’ ಎಂದು ಕೈಮುಗಿದು ಕುಳಿತುಕೊಳ್ಳುವುದು ವಿನಯವಲ್ಲ, ಉದಾಸೀನ. ‘ಅವರ ಮನೆಯಲ್ಲಿರುವಂತೆಯೇ ಇರಲಿ’ ಎಂಬುದೂ ವಿಚಾರವಲ್ಲ, ಪೈಪೋಟಿ. ತಮ್ಮ ಹಣ ಎಷ್ಟೆಂಬುದನ್ನು ಮುಚ್ಚಿಟ್ಟು ವಿನ್ಯಾಸ ಬರೆಯಿಸುವುದು ಎರಡು ಕಡೆಯವರಿಗೂ ನಷ್ಟ. ವ್ಯವಹಾರದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ೧೯೭೨ರ ವಾಸ್ತುಶಿಲ್ಪಿಗಳ ಅಧಿನಿಯಮದ ಪ್ರಕಾರ ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ನೋಂದಾಯಿತರು ಮಾತ್ರ ಬಳಸತಕ್ಕದ್ದು. ಒಳಾಂಗಣ ವಿನ್ಯಾಸಕಾರರೆಂಬ ಹೆಸರಿಗೆ ಅಂಥ ಶಾಸನಬದ್ಧ ನೋಂದಣಿಯಿಲ್ಲ. ಯಾರು ಬೇಕಾದರೂ ಆ ಫಲಕ ಹಾಕಿಕೊಳ್ಳಬಹುದು. ಅವರ ಸಂಭಾವನೆ ಒಟ್ಟು ಖರ್ಚಿನ ಶೇಕಡಾವಾರಿನಲ್ಲಿದ್ದರೆ, ಖರ್ಚು ಏರಿದಷ್ಟೂ ಸಂಭಾವನೆ ಏರುತ್ತದೆ. ಸಾಮಾನು ಬೇಡವೆಂದು ಹೇಳುವ ವಿನ್ಯಾಸಕಾರರು ತಮ್ಮ ಕೂಲಿಯನ್ನು ತಾವೇ ಕಡಿಮೆ ಮಾಡಿಕೊಂಡಂತಾಗುತ್ತದೆ. ಆದುದರಿಂದ ವಿಚಾರಕ್ಕೂ ನಕ್ಷೆಗೂ ಇಂತಿಷ್ಟೆಂದು ಮೊದಲೇ ಗೊತ್ತುಮಾಡಿ, ಸಾಮಾನಿನ ಲೆಕ್ಕವನ್ನು ಬೇರೆಯಿಡುವುದು ಲೇಸು.

ದುದ್ದದಂಥ ಊರಿನಲ್ಲಿ ವಿನ್ಯಾಸಕಾರರು ಒಂಟಿಯಾಗಿರುವುದಿಲ್ಲ ಎಂಬುದನ್ನೂ ಮರೆಯಬಾರದು. ಅವರಿಗಿಂತ ಮೊದಲೇ ಇಬ್ಬರು ಅಲ್ಲಿದ್ದಾರೆ. ಒಬ್ಬರು ಆಯ ನೋಡುವವರು: ಉದ್ದಗಲಗಳ ಗುಣಲಬ್ಧದಿಂದ ಲೆಕ್ಕಹಾಕಿ ಎಂಟರಿಂದ ಭಾಗಿಸಿ ಉಳಿದ ಶೇಷದಿಂದ ಧ್ವಜಾಯ, ಧೂಮಾಯ, ಸಿಂಹಾಯ ಮೊದಲಾದ ಎಂಟು ಆಯಗಳಲ್ಲಿ ಯಾವುದೆಂದು ಹೇಳತಕ್ಕವರು. ಇನ್ನೊಬ್ಬರು ಗಾರೆ ಮೇಸ್ತ್ರಿ: ಯಾವ ಗೋಡೆ ಭಾರ ಹೊತ್ತಿದೆ, ಯಾವುದನ್ನು ಒಡೆಯಬಹುದು ಎಂಬುದನ್ನು ಕೈಯ ಅನುಭವದಿಂದ ಬಲ್ಲವರು. ಆಯವನ್ನು ನಂಬುವುದೂ ಬಿಡುವುದೂ ಮನೆಯವರಿಗೆ ಸೇರಿದ್ದು. ಆದರೆ ಅದು ಕೋಣೆಯ ಅಳತೆಯನ್ನು ನಿರ್ಧರಿಸುವುದರಿಂದ ನಕ್ಷೆಗೆ ಮೊದಲೇ ವಿನ್ಯಾಸಕಾರರಿಗೆ ತಿಳಿದಿರಬೇಕು. ನಕ್ಷೆ ಮುಗಿದ ಮೇಲೆ ಅಳತೆ ಬದಲಾದರೆ ವಿನ್ಯಾಸವೆಲ್ಲ ಕೆಡುತ್ತದೆ. ಮೇಸ್ತ್ರಿಯನ್ನಂತೂ ಮೊದಲ ದಿನವೇ ಮಾತಿಗೆ ಕೂರಿಸಿಕೊಳ್ಳಬೇಕು; ಅವರಿಗೆ ಓದಲು ಬಾರದ ನಕ್ಷೆ ಗೋಡೆಯಾಗಿ ಏಳುವಾಗ ಬೇರೆಯೇ ರೂಪ ತಾಳುತ್ತದೆ.

೬

ಮೇಲಿನ ವಿಚಾರವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸುತ್ತೇವೆ. ೧೪ ಅಡಿ ಉದ್ದ, ೧೨ ಅಡಿ ಅಗಲ, ೧೦ ಅಡಿ ಎತ್ತರದ ಒಂದು ನಡುಮನೆಯನ್ನು ಕಲ್ಪಿಸಿಕೊಳ್ಳೋಣ. ಅದರ ವಿಸ್ತೀರ್ಣ ೧೬೮ ಚದರ ಅಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಹೇಳುವ ಕನಿಷ್ಠ ವಿಸ್ತೀರ್ಣ ೯.೫ ಚದರ ಮೀಟರು, ಎಂದರೆ ಸುಮಾರು ೧೦೨ ಚದರ ಅಡಿ. ಆದ್ದರಿಂದ ನಮ್ಮ ಕೋಣೆ ಕಿರಿದಲ್ಲ.

ಇದಕ್ಕೆ ಉಪಭೋಗದ ದೃಷ್ಟಿಯ ಒಂದು ನಕ್ಷೆ ಬರುತ್ತದೆಂದು ಇಟ್ಟುಕೊಳ್ಳೋಣ. ೭ ಅಡಿ ಉದ್ದ, ೩ ಅಡಿ ಅಗಲದ ಒಂದು ಸೋಫಾ. ೪ ಅಡಿಗೆ ೨ ಅಡಿಯ ನಡುಮೇಜು. ಎದುರು ಗೋಡೆಗೆ ೬ ಅಡಿಗೆ ಒಂದೂವರೆ ಅಡಿಯ ಟಿವಿ ಬೀರು. ಮೂರೂ ಸೇರಿ ಹಿಡಿಯುವ ನೆಲ ೩೮ ಚದರ ಅಡಿ. ಉಳಿದದ್ದು ೧೩೦ ಚದರ ಅಡಿ. ಕಾಗದದ ಮೇಲೆ ಇದು ಧಾರಾಳ. ಆದರೆ ಆ ೧೩೦ ಅಡಿ ಒಂದೆಡೆ ಇಲ್ಲ. ಸೋಫಾದ ಮಗ್ಗುಲಿನಲ್ಲಿ ಒಂದು ಪಟ್ಟಿ, ಮೇಜಿನ ಸುತ್ತ ಒಂದು ಪಟ್ಟಿ, ಬಾಗಿಲ ಬಳಿ ಒಂದು ತುಂಡು, ಹೀಗೆ ಚೂರುಚೂರಾಗಿದೆ. ಅದೇ ನಕ್ಷೆಯಲ್ಲಿ ಜಿಪ್ಸಮ್ಮಿನ ಒಳಚಾವಣಿಯೂ ಸೇರಿ ಎತ್ತರದಲ್ಲಿ ೯ ಅಂಗುಲ ತಗ್ಗಿದರೆ ಉಳಿಯುವುದು ಒಂಬತ್ತು ಕಾಲು ಅಡಿ. ಸಂಹಿತೆಯ ಕನಿಷ್ಠ ೨.೭೫ ಮೀಟರು, ಎಂದರೆ ಒಂಬತ್ತು ಅಡಿಗೆ ತುಸು ಹೆಚ್ಚು. ಚೈತ್ರ ವೈಶಾಖಗಳ ಸೆಕೆಯಲ್ಲಿ, ಫ್ಯಾನನ್ನೇ ನಂಬಿದ ಕೋಣೆಯ ಎತ್ತರವನ್ನು ಕನಿಷ್ಠಕ್ಕೆ ಇಳಿಸಿದಂತಾಯಿತು. ಮೇಲಾಗಿ ಹಣವನ್ನೂ ಕೊಟ್ಟಂತಾಯಿತು.

ಈಗ ಅದೇ ಕೋಣೆಯಲ್ಲಿ ಒಂದು ತಿಥಿಯ ಊಟವನ್ನು ಕಲ್ಪಿಸಿಕೊಳ್ಳಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ಸುಮಾರು ಎರಡಡಿ ಅಗಲ ಬೇಕು. ಎಲೆಯೂ ಸೇರಿ ನಾಲ್ಕಡಿ ಆಳ ಬೇಕು. ಉದ್ದದ ಎರಡು ಗೋಡೆಗಳಿಗೆ ಬೆನ್ನುಕೊಟ್ಟು ಎರಡು ಪಂಕ್ತಿ ಕೂತರೆ ಎಂಟಡಿ ಹೋಗಿ ನಡುವೆ ಬಡಿಸುವವರಿಗೆ ನಾಲ್ಕಡಿಯ ಹಾದಿ ಉಳಿಯುತ್ತದೆ. ಬಾಗಿಲಿನ ಎಡೆ ಬಿಟ್ಟು ಹನ್ನೆರಡು ಜನ ಒಟ್ಟಿಗೆ ಉಣ್ಣಬಹುದು. ಸೋಫಾ, ಮೇಜು, ಬೀರುಗಳ ಕೋಣೆಯಲ್ಲಿ ಆರು ಜನರೂ ಕೂರಲಾರರು. ಸಾಮಾನನ್ನು ಜಗುಲಿಗೆ ಹೊತ್ತು ಹಾಕಬೇಕು. ಉಪಭೋಗಕ್ಕಾಗಿ ತಂದ ವಸ್ತು ಕಾರ್ಯದ ದಿನ ಹೊರೆಯಾಯಿತು.

ಉಪಕಾರದ ದೃಷ್ಟಿಯ ನಕ್ಷೆ ಇದೇ ಕೋಣೆಯನ್ನು ಹೇಗೆ ಕಾಣುತ್ತದೆ? ಒಂದು ಗೋಡೆಯುದ್ದಕ್ಕೂ ಒಂದೂವರೆ ಅಡಿ ಅಗಲದ ಕಟ್ಟೆ. ಅದರ ಮೇಲೆ ಜಮಖಾನೆ, ಅದರ ಕೆಳಗೆ ಪಾತ್ರೆ ಹಾಸಿಗೆಗಳನ್ನಿಡುವ ಖಾನೆ. ದಿನವೂ ಕೂರಲು ಅದು ಸೋಫಾ; ರಾತ್ರಿ ಮೊಮ್ಮಗು ಮಲಗಲು ಅದೇ ಎಡೆ; ಪಂಕ್ತಿಯ ದಿನ ನೆಲದಲ್ಲಿ ಕೂರಲಾರದ ಮುದುಕರಿಗೆ ಅದೇ ಪೀಠ. ಟಿವಿಗೆ ಬೀರಿನ ಬದಲು ಗೋಡೆಯಲ್ಲೇ ಒಂದು ಗೂಡು. ಮುದುಕರ ಮಂಚ ಬಚ್ಚಲಿನ ಕಡೆಯ ಮೂಲೆಯಲ್ಲಿ, ಕಿಟಕಿಯ ಬಳಿ. ಅಲ್ಲಿಂದ ಬಚ್ಚಲಿಗೆ ಹೊಸ್ತಿಲಿಲ್ಲದ ದಾರಿ. ತೊಟ್ಟಿ ಇಲ್ಲವಾದರೆ ತಾರಸಿಯಲ್ಲಿ ಒಂದು ಗಾಜಿನ ಬೆಳಕಿಂಡಿ, ಅದರ ಮಗ್ಗುಲಲ್ಲಿ ಬಿಸಿಗಾಳಿ ಹೋಗುವ ಕಂಡಿ. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಟಕಿ; ಒಲೆಯ ಮುಂದಿರುವವರಿಗೆ ನಡುಮನೆಯ ಮಾತು ಕೇಳಿಸುವಂತೆ, ಬೇಡವಾದಾಗ ಮುಚ್ಚುವಂತೆ. 

ಇವೆಲ್ಲ ಅಲಂಕಾರವಲ್ಲವೇ ಎಂದರೆ, ಅಲಂಕಾರವೇ. ಕಟ್ಟೆಯ ಅಂಚಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಕಡೆದ ಕಂಬಗಳನ್ನಿಟ್ಟರೆ, ನೆಲಕ್ಕೆ ಕೆಂಪು ಗಾರೆ ಮಾಡಿದರೆ ಕಣ್ಣಿಗೂ ಅದು ಹಬ್ಬವೇ. ಶಬ್ದಾಲಂಕಾರ ಅರ್ಥಕ್ಕೆ ಒದಗಿದಾಗ ಕಾವ್ಯ ಬೆಳಗುವಂತೆ, ಉಪಕಾರಕ್ಕೆ ಒದಗಿದ ಉಪಭೋಗದಿಂದ ಕೋಣೆಯೂ ಬೆಳಗುತ್ತದೆ.

೭

ನಮ್ಮ ವಾದಕ್ಕೆ ಒಂದು ಆಕ್ಷೇಪ ಬರಬಹುದು. ಬದುಕೇ ಬದಲಾಗಿರುವಾಗ ಪಂಕ್ತಿಯ ಊಟಕ್ಕೂ ಹುಳುವಿನ ತಟ್ಟೆಗೂ ಎಡೆಯಿಡುವುದು ಏಕೆ? ಛತ್ರಗಳಿವೆ, ಮಕ್ಕಳು ಕುರ್ಚಿಯಲ್ಲಿ ಕೂರುವುದನ್ನು ಕಲಿತಿದ್ದಾರೆ, ವ್ಯಕ್ತಿಗೆ ತನ್ನದೇ ಆದ ಕೋಣೆ ಬೇಕಾಗಿದೆ. ಈ ಆಕ್ಷೇಪದಲ್ಲಿ ಸತ್ಯವಿದೆ. ೧೯೨೯ರಲ್ಲಿ ವರ್ಜೀನಿಯಾ ವುಲ್ಫ್ ಬರೆಯುವ ಹೆಂಗಸಿಗೆ ತನ್ನದೇ ಆದ ಕೋಣೆ ಬೇಕೆಂದು ವಾದಿಸಿದುದು ದುದ್ದದ ಕಾಲೇಜು ವಿದ್ಯಾರ್ಥಿನಿಗೂ ಸಲ್ಲುವ ಮಾತು. ಪರೀಕ್ಷೆಗೆ ಓದುವ ಹುಡುಗಿಗೆ ನಡುಮನೆಯ ಮೂಲೆಯೇ ಗತಿಯಾಗಿರಬಾರದು. ಆದರೆ ಈ ಬೇಡಿಕೆಯೂ ನಮ್ಮ ಒರೆಗಲ್ಲಿಗೆ ಹೊರತಲ್ಲ. ಅವಳಿಗೆ ಬೇಕಾಗಿರುವುದು ‘ಬೆಡ್‌ರೂಮ್’ ಎಂಬ ಹೆಸರಿನ, ಮಂಚವೇ ತುಂಬಿಕೊಂಡ ಕೋಣೆಯಲ್ಲ; ಓದುವ ಎಡೆ. ಒಂದು ಮೇಜು, ಒಂದು ದೀಪ, ಮುಚ್ಚಬಹುದಾದ ಒಂದು ಬಾಗಿಲು. ಹಳೆಯ ಕನ್ನಡದ ರೀತಿಯಲ್ಲಿ ಹೆಸರಿಡುವುದಾದರೆ ಅದು ‘ಓದುಮನೆ’. ಹೆಸರನ್ನು ಸರಿಯಾಗಿ ಇಟ್ಟ ಮನೆಯವರಿಗೆ ಏನು ಕೇಳಬೇಕೆಂಬುದು ತಿಳಿಯುತ್ತದೆ. ಹೆಸರನ್ನು ಸರಿಯಾಗಿ ಕೇಳಿದ ವಿನ್ಯಾಸಕಾರರಿಗೆ ಏನು ಬರೆಯಬೇಕೆಂಬುದು ತಿಳಿಯುತ್ತದೆ. ಹಳೆಯದನ್ನು ಉಳಿಸಬೇಕೆಂಬುದು ನಮ್ಮ ವಾದವಲ್ಲ; ಕಾರ್ಯವನ್ನು ಹೆಸರಿಸದೆ ಕೋಣೆಯನ್ನು ಬರೆಯಬಾರದೆಂಬುದಷ್ಟೇ ನಮ್ಮ ವಾದ.

ಇದುವರೆಗಿನ ವಿಚಾರದಿಂದ, ನಕ್ಷೆಯೊಂದು ಕೈಗೆ ಬಂದಾಗ ಒಪ್ಪಿಗೆ ಹಾಕುವ ಮೊದಲು ಮನೆಯವರು ವಿನ್ಯಾಸಕಾರರೊಡನೆ ಕುಳಿತು ಮೂರು ದಿನಗಳನ್ನು ಅದರ ಮೇಲೆ ನಡೆಸಿನೋಡುವುದು ಒಳ್ಳೆಯದೆಂದು ಸಿದ್ಧವಾಗುತ್ತದೆ: ಒಂದು ಬರಿಯ ದಿನ, ಒಂದು ಕೆಲಸದ ಸುಗ್ಗಿಯ ದಿನ, ಒಂದು ಕಾರ್ಯದ ದಿನ. ಮೂರು ದಿನಗಳಲ್ಲಿಯೂ ಮನೆಯ ಪ್ರತಿಯೊಬ್ಬರಿಗೂ ಎಡೆಯಿದೆಯೇ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾದರೆ ಆ ನಕ್ಷೆ ಉತ್ತೀರ್ಣವಾಯಿತು. ಯಾರೊಬ್ಬರಿಗಾದರೂ, ವಿಶೇಷವಾಗಿ ಮುದುಕರಿಗೋ ಸೊಸೆಗೋ, ಎಡೆ ಕಾಣದಿದ್ದರೆ ಬಣ್ಣ ಎಷ್ಟು ಚೆನ್ನಾಗಿದ್ದರೂ ಅದನ್ನು ತಿದ್ದಿಸಬೇಕು. ಕಾಗದದ ಮೇಲೆ ತಿದ್ದುವುದಕ್ಕೆ ಒಂದು ಸಂಜೆ ಸಾಕು. ಗೋಡೆಯಾದ ಮೇಲೆ ಒಂದು ತಲೆಮಾರು ಸಾಲದು.

ಕಾಲೇಜಿನ ಅಧ್ಯಾಪಕರು ಈ ವಿಷಯದಲ್ಲಿ ಒಂದು ಕೆಲಸ ಮಾಡಬಹುದು. ತಮ್ಮ ವಿದ್ಯಾರ್ಥಿಗಳಿಂದ ಅವರವರ ಮನೆಯ ನಕ್ಷೆಯನ್ನು ಬರೆಯಿಸಿ, ಒಂದೊಂದು ಭಾಗಕ್ಕೂ ಅವರ ಅಜ್ಜಿ ಬಳಸುವ ಹೆಸರು, ತಾಯಿ ಬಳಸುವ ಹೆಸರು, ತಾವು ಬಳಸುವ ಹೆಸರು, ಈ ಮೂರನ್ನೂ ಎದುರಿಗೆ ಬರೆಯಿಸಲಿ. ಹೆಸರಿನೊಡನೆ ಅಲ್ಲಿ ನಡೆಯುವ ಕೆಲಸವನ್ನೂ ಬರೆಯಲಿ. ಭಾಷಾಶಾಸ್ತ್ರಕ್ಕೆ ಅದು ಶಬ್ದಸಂಪತ್ತು. ಸಾಹಿತ್ಯದ ವಿದ್ಯಾರ್ಥಿಗೆ ಕಾದಂಬರಿಯ ಮನೆಗಳನ್ನು ಓದುವ ಕೀಲಿಕೈ. ನಾಳೆ ಆ ಮನೆಗಳಿಗೆ ನಕ್ಷೆ ಬರೆಯಲು ಬರುವ ವಿನ್ಯಾಸಕಾರರಿಗೆ, ಕೇಳಬೇಕಾದ ಪ್ರಶ್ನೆಗಳ ಪಟ್ಟಿ. ಹಗೇವು, ವಾಡೆ, ನೆಲುವು ಎಂಬ ಮಾತುಗಳನ್ನು ಬಳಸುವವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗತಕ್ಕದ್ದು.